ಕಣದ ಹಲ್ಲು

ಆ ಮನೆಯ ಹಿಂದಿನ ಕಣದಲ್ಲಿ ಜೋಳ ಒಣಗಿತೋ ಇಲ್ಲವೋ ಎಂದು ತೀರ್ಪು ಹೇಳುವ ಅಧಿಕಾರ ಇದ್ದದ್ದು ಒಂದೇ ಒಂದು ಹಲ್ಲಿಗೆ. ಅದು ಅತ್ತೆಯ ಬಾಯಿಯ ಎಡಗಡೆ, ಕೆಳಸಾಲಿನ ಹಿಂದಿನ ದವಡೆ ಹಲ್ಲು.

ಕಣ ಇವರದು, ಜೋಳ ಊರವರದು. ಸುತ್ತಲಿನ ಹೊಲದವರು, ಕೋಳಿ ಸಾಕುವವರು ಹಸಿ ಮೆಕ್ಕೆಜೋಳ ತಂದು ಸಿಮೆಂಟಿನ ನೆಲದ ಮೇಲೆ ಸುರಿದು ಹೋಗುತ್ತಿದ್ದರು. ಅದನ್ನು ಹರವಿ, ಗಳಿಗೆಗೊಮ್ಮೆ ಉದ್ದ ಹಿಡಿಯ ಹಲಗೆಯಿಂದ ತಿರುವಿ, ಒಣಗಿಸಿ, ಚೀಲಕ್ಕೆ ತುಂಬಿ, ದಬ್ಬಳದಲ್ಲಿ ಬಾಯಿ ಹೊಲಿದು ಕೊಡುವುದು ಈ ಮನೆಯ ಕಸುಬು. ಬಿಸಿಲು ಇಳಿಯುವ ಹೊತ್ತಿಗೆ ಅತ್ತೆ ಒದ್ದೆ ಕೈ ಒರೆಸಿಕೊಂಡು ಅಡುಗೆಮನೆಯಿಂದ ಹೊರಗೆ ಬರುತ್ತಿದ್ದರು. ರಾಶಿಯೊಳಗೆ ಮೊಣಕೈವರೆಗೆ ಕೈ ಇಳಿಸಿ, ಅಡಿಯಿಂದ ಒಂದು ಕಾಳು ಹೆಕ್ಕಿ, ಎಡದವಡೆಗೆ ಕೊಟ್ಟು ಕಡಿಯುತ್ತಿದ್ದರು. ಕಟ್ ಎಂದು ಸಿಡಿದರೆ ಒಣಗಿದೆ. ಸದ್ದು ಮಾಡದೆ ಸೀಳಿಕೊಂಡರೆ ಇನ್ನೊಂದು ಬಿಸಿಲು ಬೇಕು. ಚೂರನ್ನು ಪಕ್ಕಕ್ಕೆ ಉಗುಳಿ ಅವರು "ಕಟ್ಟಿ" ಅಂದರೆ ಕಟ್ಟಬೇಕು, "ಹರವಿ" ಅಂದರೆ ಹರವಬೇಕು. ಅದರ ಮೇಲೆ ಮಾತಿಲ್ಲ.

ಹಿಂದೊಮ್ಮೆ ಮಗ ಪೇಟೆಯಿಂದ ತೇವ ಅಳೆಯುವ ಯಂತ್ರ ತಂದಿದ್ದ. ಅದು ಒಂದೇ ರಾಶಿಯ ಮೂರು ಹಿಡಿ ಜೋಳಕ್ಕೆ ಮೂರು ಥರದ ಲೆಕ್ಕ ತೋರಿಸಿತು. "ಇದಕ್ಕಿನ್ನೂ ಹಾಲುಹಲ್ಲು ಕಣೋ. ಮೇಲಿಡು, ದೊಡ್ಡದಾದ ಮೇಲೆ ನೋಡೋಣ" ಎಂದರು ಅತ್ತೆ. ಯಂತ್ರ ಅಟ್ಟ ಸೇರಿತು. ಅಲ್ಲಿಗೆ ಆ ವಿಚಾರ ಮುಗಿಯಿತು.

ಸೊಸೆಗೆ ಅನುಮಾನ ಬಂದದ್ದು ಊಟದ ಹೊತ್ತಿನಲ್ಲಿ. ಅತ್ತೆ ಹುರಿದ ಕಡಲೆಯನ್ನು ತಟ್ಟೆಯ ಅಂಚಿಗೆ ತಳ್ಳಿ, ಬರೀ ಬೇಯಿಸಿದ ಆಲೂಗೆಡ್ಡೆಯನ್ನು ಕಿವುಚಿಕೊಂಡು ತಿನ್ನುತ್ತಿದ್ದರು. ನಡುವೆ ತಟಕ್ಕನೆ ಬಾಯಾಡಿಸುವುದು ನಿಲ್ಲಿಸಿ, ಕಣ್ಣು ಸಣ್ಣ ಮಾಡಿ, ಏನೂ ಆಗದವರಂತೆ ಮತ್ತೆ ಶುರು ಮಾಡಿದರು.

"ಹಲ್ಲು ನೋಯ್ತಿದ್ಯಾ ಅತ್ತೆ?"

"ಯಾರಿಗೆ?"

"ನಿಮಗೇ. ಕಡಲೆ ಬಿಟ್ಟಿದ್ದೀರಲ್ಲ."

"ಕಡಲೆ ಸೀದು ಹೋಗಿದೆ. ಹುರಿದವಳನ್ನ ಕೇಳು."

ಹುರಿದವಳು ಅವಳೇ. ಸೀದಿರಲಿಲ್ಲ. ಎದುರಿಗೆ ಕೂತಿದ್ದ ಮಾವ ಒಂದು ಹಿಡಿ ಬಾಯಿಗೆ ಹಾಕಿಕೊಂಡು, ಕಟ್ಟಿಸಿದ ಹಲ್ಲಿನ ಸೆಟ್ಟನ್ನು ಕಟಕಟ ಅನ್ನಿಸಿದರು. "ಚೆನ್ನಾಗಿದೆಯಲ್ಲೇ. ನನ್ನ ಹಲ್ಲಿಗೇ ನೋವಿಲ್ಲ."

"ನಿಮ್ಮ ಹಲ್ಲಿಗೆ ನೋವಾದರೆ ಅದನ್ನ ಅಂಗಡಿಗೆ ವಾಪಸ್ ಕೊಡಬೇಕು" ಎಂದರು ಅತ್ತೆ. ಎಲ್ಲರೂ ನಕ್ಕರು. ಹಲ್ಲಿನ ಮಾತು ಅಲ್ಲಿಗೇ ನಿಂತಿತು. ಆ ಮನೆಯಲ್ಲಿ ಬೇಡದ ಮಾತು ನಿಲ್ಲುತ್ತಿದ್ದದ್ದೇ ಹಾಗೆ, ಯಾರಾದರೂ ಒಬ್ಬರು ನಗಿಸಿಬಿಡುತ್ತಿದ್ದರು. ಸೊಸೆ ತಟ್ಟೆಗಳನ್ನು ಬಾಚಿಕೊಂಡು ಎದ್ದಳು. ಅತ್ತೆಯ ಲೋಟದಲ್ಲಿ ನೀರು ಹಾಗೇ ಉಳಿದಿತ್ತು. ತಣ್ಣೀರು ಕುಡಿಯುವುದನ್ನು ಅವರು ಯಾವಾಗ ಬಿಟ್ಟರೋ ಅವಳಿಗೇ ತಿಳಿದಿರಲಿಲ್ಲ.

ಆ ವಾರವೇ ಕೋಳಿಯಣ್ಣನ ಜೋಳ ಬಂತು. ಊರ ಆಚೆ ಉದ್ದದ ಶೆಡ್ಡುಗಳಲ್ಲಿ ಕೋಳಿ ಸಾಕುವವನು ಅವನು. ಅವನ ಅಂಗಿಗೆ ಯಾವಾಗಲೂ ಒಂದಲ್ಲ ಒಂದು ಪುಕ್ಕ ಅಂಟಿರುತ್ತಿತ್ತು. ಕಣಕ್ಕೆ ಬರುವ ಜೋಳದಲ್ಲಿ ಅರ್ಧಕ್ಕರ್ಧ ಅವನದೇ. "ಅಕ್ಕಾ, ಒಂದು ಚೂರು ಬೂಸ್ಟು ಹಿಡಿದರೂ ನನ್ನ ಕೋಳಿ ಕತ್ತು ವಾಲಿಸಿಬಿಡ್ತವೆ, ನಿಮಗೆ ಗೊತ್ತಲ್ಲ" ಎಂದು ಪ್ರತಿ ಸಲ ಹೇಳುವುದನ್ನು ಈ ಸಲವೂ ಹೇಳಿ ಹೋದ.

ಮೋಡ ಮುಚ್ಚಿಕೊಂಡೇ ಇತ್ತು. ಬಿಸಿಲು ಬಂದು ಮುಖ ತೋರಿಸಿ ಹೋಗುತ್ತಿತ್ತು. ಸೊಸೆ, ಅವಳ ಗಂಡ, ಮಾವ ಮೂವರೂ ಟಾರ್ಪಾಲು ಎಳೆಯುವುದು, ಮಡಚುವುದು, ಮತ್ತೆ ಎಳೆಯುವುದು ಮಾಡಿ ಮಾಡಿ ಒಬ್ಬರ ಮುಖ ಒಬ್ಬರು ನೋಡದಷ್ಟು ಸಿಡುಕಾಗಿದ್ದರು. ಕೊನೆಗೊಂದು ಸಂಜೆ ಅತ್ತೆ ಬಂದು ರಾಶಿಗೆ ಕೈ ಹಾಕಿದರು. ಕಾಳು ಬಾಯಿಗೆ ಹೋಯಿತು, ದವಡೆ ಒಂದು ಸಲ ಅಲುಗಿತು, ಕಾಳು ಹೊರಗೆ ಬಂತು.

"ಕಟ್ಟಿ."

ಸೊಸೆ ಹಲಗೆ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಸದ್ದು ಕೇಳಿಸಲಿಲ್ಲ. ಗಾಳಿ ಇತ್ತು, ಅದಕ್ಕೇ ಇರಬಹುದು ಅಂದುಕೊಂಡಳು. ಆದರೂ ರಾಶಿಗೆ ಕೈ ತೂರಿಸಿ ನೋಡಿದಳು.

"ಅತ್ತೆ, ಅಡಿಯಲ್ಲಿ ಇನ್ನೂ ತಣ್ಣಗಿದೆ. ಇನ್ನೊಂದು ಬಿಸಿಲು ಬಿಡೋಣ."

"ನಿನ್ನ ಕೈಗೆ ಯಾವಾಗ ಹಲ್ಲು ಬಂತು?"

ಗಂಡ ಆಗಲೇ ಚೀಲ ಕೊಡವುತ್ತಿದ್ದ. "ಅಮ್ಮ ಹೇಳಿದ ಮೇಲೆ ಮುಗೀತಲ್ಲ. ಮೋಡ ನೋಡು, ಮತ್ತೆ ಟಾರ್ಪಾಲು ಎಳೆಯೋಕೆ ನನ್ನ ಸೊಂಟದಲ್ಲಿ ಜೀವ ಇಲ್ಲ."

ಕಟ್ಟಿದರು. ಚೀಲಗಳ ಬಾಯಿ ಹೊಲಿದವಳು ಸೊಸೆ, ಹೊತ್ತು ಒಳಗೆ ಒಟ್ಟಿದವನು ಗಂಡ. ಎಲ್ಲಿ ಒಟ್ಟಬೇಕು ಎಂದು ಅವನು ಕೇಳಿದಾಗ, ನೀರು ಕುದಿಯುತ್ತಿದ್ದ ಪಾತ್ರೆಯ ಕಡೆ ನೋಡುತ್ತಲೇ, "ಆ ಗೋಡೆ ಪಕ್ಕ ಜಾಗ ಇದೆಯಲ್ಲ, ಅಲ್ಲೇ ಇಡಿ" ಎಂದಿದ್ದಳು. ಆ ಒಂದು ಮಾತು ಆಮೇಲೆ ಅವಳ ಕುತ್ತಿಗೆಗೇ ಬಂತು.

ಕೋಳಿಯಣ್ಣ ಚೀಲ ಒಯ್ಯುವುದು ತಡಮಾಡಿದ. ಒಂದು ಬೆಳಗ್ಗೆ ಚೀಲ ಒಟ್ಟಿದ್ದ ಕೋಣೆ ಗುಡಿಸಲು ಹೋದ ಸೊಸೆಗೆ ಹುಳಿ ಹುಳಿ ವಾಸನೆ ಬಂತು. ಒಂದು ಚೀಲದ ಹೊಲಿಗೆ ಬಿಚ್ಚಿ ಕೈ ಇಳಿಸಿದಳು. ಒಳಗೆ ಬೆಚ್ಚಗಿತ್ತು. ಜ್ವರ ಬಂದ ಮಗುವಿನ ಕಂಕುಳಿಗೆ ಕೈ ಇಟ್ಟ ಹಾಗೆ. ಕೈ ಹೊರಗೆ ತೆಗೆದಾಗ ಬೆರಳಿಗೆ ಹಸಿರು ಪುಡಿ ಮೆತ್ತಿತ್ತು.

ಚೀಲಗಳನ್ನೆಲ್ಲ ಹೊರಗೆ ಹೊತ್ತು ಸುರಿದರು. ಗಂಟು ಗಂಟಾಗಿ ಬಿದ್ದಿತು ಜೋಳ. ಕೋಳಿಯಣ್ಣ ಬಂದು ಒಂದು ಗಂಟು ಎತ್ತಿ ಮೂಸಿ ಕೆಳಗೆ ಹಾಕಿದ. ಏನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಇದು ಹೇಗಾಯ್ತು ಅಕ್ಕಾ? ನಿಮ್ಮ ಕಣದಲ್ಲಿ ಯಾವತ್ತೂ ಆಗಿದ್ದಿಲ್ಲ."

ಅತ್ತೆ ಬಾಯಿ ತೆರೆಯುವ ಮುಂಚೆ ಗಂಡ ಹೇಳಿದ, "ಗೋಡೆ ತೇವ ಎಳೆದಿದೆ ಅಣ್ಣ. ಗೋಡೆಗೆ ತಾಗಿಸಿ ಇಡಿಸಿದ್ದಾಳೆ ಇವಳು."

"ನಾನು ಇಡಿಸಿದ್ದಾ?" ಎಂದಳು ಸೊಸೆ. "ಗೋಡೆ ಕಡೆ ಇದ್ದ ಚೀಲಕ್ಕಿಂತ ನಡುವೆ ಇದ್ದ ಚೀಲವೇ ಜಾಸ್ತಿ ಕೆಟ್ಟಿದೆ, ನೋಡಿ. ಕಟ್ಟುವಾಗಲೇ ಹಸಿ ಇತ್ತು. ನಾನು ಹೇಳಿದೆ, ಇನ್ನೊಂದು ಬಿಸಿಲು ಅಂತ. ಅತ್ತೆ, ಹೇಳಿದೆ ತಾನೆ?"

ಅತ್ತೆ ಕೆನ್ನೆಗೆ ಕೈ ಆನಿಸಿಕೊಂಡು ನಿಂತಿದ್ದರು. ಜೋಳದ ಕಡೆ ನೋಡಿದರು, ಗೋಡೆಯ ಕಡೆ ನೋಡಿದರು. "ಒಲೆ ಮೇಲೆ ಹಾಲಿದೆ" ಎಂದು ಒಳಗೆ ಹೋದರು.

ಒಲೆಯ ಮೇಲೆ ಹಾಲಿರಲಿಲ್ಲ. ಅದು ಸೊಸೆಗೆ ಗೊತ್ತಿತ್ತು. ಕೋಳಿಯಣ್ಣ ಹೋಗುವಾಗ, "ಗೋಡೆ ವಿಷಯ ಸ್ವಲ್ಪ ಜೋಪಾನ ತಂಗೀ" ಎಂದು ಮೃದುವಾಗಿಯೇ ಹೇಳಿದ. ಮಾರನೇ ದಿನಕ್ಕೆ ಆ ಮಾತು ಅಂಗಡಿ ಬೀದಿಯನ್ನೆಲ್ಲ ಸುತ್ತಿ ಬಂದಿತ್ತು. ಸೋಪು ಕೊಳ್ಳಲು ಹೋದರೆ ಅಂಗಡಿಯವಳೂ "ಗೋಡೆಗೆ ತಾಗಿಸಿ ಇಟ್ಟಿದ್ದೆಯಂತೆ?" ಎಂದು ಕೇಳಿದಳು. ಹಾಗಲ್ಲ ಎಂದು ವಿವರಿಸಲು ಹೋದಷ್ಟೂ ಅದು ಹಾಗೇ ಅನ್ನಿಸುತ್ತಿತ್ತು. ಅವಳಿಗೆ ಬೇಕಿದ್ದದ್ದು ಒಂದೇ ಒಂದು ಮಾತು, 'ಅವಳು ಹೇಳಿದ್ದಳು' ಅನ್ನುವುದು. ಅದನ್ನು ಹೇಳಬಲ್ಲವರು ಒಬ್ಬರೇ. ಅವರು ಲವಂಗ ಕಚ್ಚಿಕೊಂಡು ಅಡುಗೆಮನೆಯ ಮೂಲೆಯಲ್ಲಿ ಕೂತಿದ್ದರು.

ಅಷ್ಟರಲ್ಲಿ ಸೊಸೆಯ ಮಗಳು ಪುಟ್ಟಿ ಕನ್ನಡಿ ಹಿಡಿದುಕೊಂಡು ಬಂದಳು. ಕೆಳಗಿನ ಮುಂದಿನ ಹಲ್ಲು ಬಿದ್ದೇ ಇಲ್ಲ, ಅದರ ಹಿಂದೆ ನಾಲಗೆಯ ಕಡೆಗೆ ಇನ್ನೊಂದು ಹಲ್ಲು ಬಂದು ನಿಂತಿತ್ತು.

"ಅಮ್ಮಾ, ನನಗೆ ಎರಡು ಸಾಲು."

"ಬಾಚಣಿಗೆಗೆ ಎರಡು ಕಡೆ ಹಲ್ಲಿರಲ್ವಾ, ಹಾಗೆ" ಎಂದರು ಮಾವ.

"ತಾನಾಗೇ ಬೀಳತ್ತೆ, ಡಾಕ್ಟರ ಹತ್ತಿರ ಏನೂ ಬೇಡ" ಎಂದರು ಅತ್ತೆ.

"ಬೇಕು" ಎಂದಳು ಸೊಸೆ. "ನೀವೂ ಜೊತೆಗೆ ಬನ್ನಿ, ಅವಳು ನನ್ನ ಒಬ್ಬಳ ಮಾತಿಗೆ ಬಾಯಿ ತೆರೆಯಲ್ಲ."

ಮೊಮ್ಮಗಳ ನೆಪಕ್ಕೆ ಅತ್ತೆ ಬಸ್ಸು ಹತ್ತಿದರು.

ಹಲ್ಲಿನ ಡಾಕ್ಟರ ಕೋಣೆ ಪೇಟೆಯಲ್ಲಿ ಸೈಕಲ್ ರಿಪೇರಿ ಅಂಗಡಿಯ ಮಹಡಿಯ ಮೇಲಿತ್ತು. ಕೆಳಗೆ ಟ್ಯೂಬಿಗೆ ಗಾಳಿ ಹೊಡೆಯುವ ಸದ್ದು, ಮೇಲೆ ಹಲ್ಲು ಕೊರೆಯುವ ಸದ್ದು. ಡಾಕ್ಟರು ನಡುವಯಸ್ಸಿನ ಹೆಂಗಸು, ಮುಖಕ್ಕೆ ಮಾಸ್ಕು ಹಾಕಿಕೊಂಡೇ ಮಾತಾಡುತ್ತಿದ್ದರು. ಪುಟ್ಟಿಯ ಹಾಲುಹಲ್ಲನ್ನು ಬೆರಳಲ್ಲಿ ಅಲುಗಿಸಿ ನೋಡಿದರು. "ಇದು ಗಟ್ಟಿಯಾಗಿ ಕೂತಿದೆ. ಹೊಸ ಹಲ್ಲು ಇದರ ಬೇರು ಕರಗಿಸ್ತಾ ಅಡಿಯಿಂದ ಬರಬೇಕಿತ್ತು, ಹಿಂದಿನಿಂದ ಬಂತು. ತುಂಬಾ ಮಕ್ಕಳಿಗೆ ಹೀಗಾಗತ್ತೆ. ಹಾಲುಹಲ್ಲು ತೆಗೆದು ಜಾಗ ಕೊಟ್ಟರೆ ನಾಲಗೆಯೇ ಹೊಸದನ್ನ ಮುಂದಕ್ಕೆ ತಳ್ಳತ್ತೆ." ಹೇಳುತ್ತಲೇ ವಸಡಿಗೆ ಮದ್ದು ಕೊಟ್ಟು ಮರಗಟ್ಟಿಸಿ, ಸ್ವಲ್ಪ ಹೊತ್ತಿಗೆ ಹಲ್ಲು ತೆಗೆದು ಪುಟ್ಟಿಯ ಅಂಗೈಯಲ್ಲಿಟ್ಟರು. ಪುಟ್ಟಿ ಅಳಲಿಲ್ಲ. "ಅಜ್ಜಿ, ಈಗ ನೀನು" ಎಂದಳು.

ಮೊಮ್ಮಗಳ ಎದುರು ಹಿಂಜರಿಯಲು ಅತ್ತೆಗೆ ಆಗಲಿಲ್ಲ. ಕುರ್ಚಿಯಲ್ಲಿ ಕೂತರು.

"ಎಲ್ಲಿ ನೋವು?"

"ಈ ಕಡೆ. ಮೇಲೋ ಕೆಳಗೋ ಗೊತ್ತಾಗಲ್ಲ. ಆಗಾಗ ಜುಂ ಅನ್ನತ್ತೆ."

"ಗಟ್ಟಿ ಪದಾರ್ಥ ಏನಾದರೂ ಕಡಿಯೋ ಅಭ್ಯಾಸ?"

"ಇಲ್ಲಪ್ಪ. ಗಂಜಿ, ಆಲೂಗೆಡ್ಡೆ ತಿನ್ನೋಳು ನಾನು."

ಸೊಸೆ ಬೆರಗಾಗಿ ನೋಡಿದಳು. ಬಾಯಿ ತೆರೆಯಬೇಕು ಅನ್ನುವಷ್ಟರಲ್ಲಿ ಅತ್ತೆಯ ಕಣ್ಣು ಅವಳನ್ನು ಹಿಡಿದು ಕೂರಿಸಿತು. ಡಾಕ್ಟರು ಎಕ್ಸ್‌ರೇ ತೆಗೆದರು. ಎಡಗಡೆ ಮೇಲಿನ ಹಲ್ಲೊಂದರಲ್ಲಿ ಹುಳುಕು ಕಂಡಿತು. ಕೊರೆದು, ತೊಳೆದು, ಸಿಮೆಂಟು ತುಂಬಿದರು. "ಇದೇ ಇರಬೇಕು. ಕಡಿಮೆ ಆಗದಿದ್ದರೆ ಬನ್ನಿ" ಎಂದರು.

ಕಡಿಮೆ ಆಗಲಿಲ್ಲ. ಅದು ಅತ್ತೆಗೆ ಒಂಥರಾ ಗೆಲುವಾಯಿತು. ಎರಡು ದಿನಕ್ಕೊಮ್ಮೆ ಯಾರಾದರೂ ಕೇಳುವ ಹಾಗೆ ಹೇಳುತ್ತಿದ್ದರು, "ಒಳ್ಳೆ ಡಾಕ್ಟರನ್ನ ಹುಡುಕಿದ್ದಾಳೆ ನನ್ನ ಸೊಸೆ. ಸುಮ್ಮನಿದ್ದ ಹಲ್ಲಿಗೆ ಗಾರೆ ಕೆಲಸ ಮಾಡಿಸಿಕೊಂಡು ಬಂದೆ."

"ಡಾಕ್ಟರು ಕೇಳಿದ್ದಕ್ಕೆ ನೀವು ಸುಳ್ಳು ಹೇಳಿದಿರಲ್ಲ ಅತ್ತೆ."

"ಏನು ಸುಳ್ಳು? ಜೋಳ ನಾನೇನು ತಿಂತೀನಾ? ಉಗುಳ್ತೀನಿ."

ಗಂಡನಿಗೆ ಹೇಳಿದರೆ ಅವನು ಚಪ್ಪಲಿ ಹುಡುಕುತ್ತಾ, "ಒಂದು ಸಲ ಹೋಗಿ ಬಂದಾಯ್ತಲ್ಲ. ಇನ್ನು ಅಮ್ಮನೂ ನೀನೂ ಏನಾದರೂ ಮಾಡ್ಕೊಳ್ಳಿ" ಎಂದ. ಅವನು ಹೊರಟದ್ದು ಬೇರೆ ಊರಿನವರ ಜೋಳ ಕೇಳಲು. ಕೋಳಿಯಣ್ಣನದು ಬಂದಿರಲಿಲ್ಲ. ಕಣ ಬರಿದಾಗಿ ಬಿದ್ದಿತ್ತು.

ಸೊಸೆ ಆ ದಿನಗಳಲ್ಲಿ ಅತ್ತೆ ಊಟ ಮಾಡುವುದನ್ನೇ ನೋಡುತ್ತಾ ಕೂರುತ್ತಿದ್ದಳು. ಕೋಪದಲ್ಲಿ ನೋಡುತ್ತಿದ್ದವಳಿಗೆ ಒಂದು ದಿನ ಒಂದು ಸಂಗತಿ ಕಂಡಿತು. ಅತ್ತೆ ಕಚ್ಚಿದಾಗ ಮುಖ ಸುಮ್ಮನೇ ಇರುತ್ತಿತ್ತು. ಕಚ್ಚಿದ್ದನ್ನು ಬಿಡುವಾಗ ಕಣ್ಣು ಸಣ್ಣದಾಗುತ್ತಿತ್ತು. ಮರುದಿನವೂ ಹಾಗೆಯೇ. ಬೇಕೆಂದೇ ಒಂದು ಹೋಳು ಅರೆಬೆಂದ ಗೆಣಸು ಬಡಿಸಿ ನೋಡಿದಳು. ಅಗಿಯುವಾಗ ಇಲ್ಲ, ದವಡೆ ಬಿಡಿಸುವಾಗ ಜುಂ.

"ಅತ್ತೆ, ಇನ್ನೊಂದು ಸಲ ಹೋಗೋಣ. ಡಾಕ್ಟರಿಗೆ ಇದನ್ನ ಹೇಳಬೇಕು."

"ನನಗೆ ಅರೆಬೆಂದ ಗೆಣಸು ಹಾಕಿ ಪರೀಕ್ಷೆ ಮಾಡ್ತೀಯೇನೇ? ನಾಳೆ ಕಲ್ಲು ಹಾಕು."

ಮಾತು ಬೆಳೆಯಿತು. ಸೊಸೆ ಆ ಮನೆಗೆ ಬಂದ ಎಂಟು ವರ್ಷದಲ್ಲಿ ಆಡದೆ ಉಳಿದದ್ದೆಲ್ಲ ಅಡುಗೆಮನೆಯ ನೆಲಕ್ಕೆ ಬಿತ್ತು. ಕೊನೆಗೆ ಸೊಸೆ ಸೌಟನ್ನು ಪಾತ್ರೆಯೊಳಗೆ ಬಿಟ್ಟು ಹೇಳಿದಳು, "ನಿಮಗೆ ಬೇರೆ ಗಂಜಿ, ಅವರಿಗೆ ಬೇರೆ ಊಟ ಅಂತ ನನ್ನ ಕೈಲಿ ಆಗಲ್ಲ. ನೀವು ಡಾಕ್ಟರ ಹತ್ತಿರ ಬರೋವರೆಗೂ ಮನೆಯವರಿಗೆಲ್ಲ ಗಂಜಿಯೇ."

ಸುಮ್ಮನೆ ಅಂದದ್ದಲ್ಲ, ಮಾಡಿದಳು. ಬೆಳಗ್ಗೆ ಗಂಜಿ, ಮಧ್ಯಾಹ್ನ ಗಂಜಿ, ರಾತ್ರಿ ಉಳಿದ ಗಂಜಿ.

"ಮತ್ತೆ ಗಂಜಿನಾ?" ಎಂದ ಗಂಡ.

"ಉಪ್ಪು ಬೇಕಾ?"

ಪುಟ್ಟಿ ಶಾಲೆಯಲ್ಲಿ ಗೆಳತಿಯ ಡಬ್ಬಿಯಿಂದ ತಿನ್ನುತ್ತಿದ್ದಾಳೆ ಎಂದು ಗೊತ್ತಾದರೂ ಸೊಸೆ ಕರಗಲಿಲ್ಲ. ಕೊನೆಗೆ ಸೋತವರು ಮಾವ. ಬಾಯಿಂದ ಹಲ್ಲಿನ ಸೆಟ್ಟು ತೆಗೆದು ತಟ್ಟೆಯ ಪಕ್ಕ ಇಟ್ಟು, ಬೊಚ್ಚುಬಾಯಲ್ಲೇ ಹೇಳಿದರು, "ಇದನ್ನ ಕಟ್ಟಿಸಿದ್ದು ಗಂಜಿ ಕುಡಿಯೋಕೆ ಅಲ್ಲ ಕಣೇ. ನಿನ್ನ ಒಂದು ಹಲ್ಲಿಗೋಸ್ಕರ ನನ್ನ ಅಷ್ಟೂ ಹಲ್ಲು ಉಪವಾಸ ಬಿದ್ದಿವೆ. ಹೋಗಿ ಬಾ."

ಮಗನೂ ತಲೆ ಎತ್ತದೆ "ಹೋಗಿ ಬಾಮ್ಮ" ಎಂದ.

ಎರಡನೇ ಸಲ ಸೊಸೆ ಅತ್ತೆಯ ಕಣ್ಣಿನ ಕಡೆ ನೋಡಲೇ ಇಲ್ಲ. ಒಳಗೆ ಕಾಲಿಟ್ಟವಳೇ ಡಾಕ್ಟರಿಗೆ ಹೇಳಿಬಿಟ್ಟಳು. "ಇವರು ದಿನಾ ಒಣಗಿದ ಜೋಳದ ಕಾಳು ಕಡಿದು ನೋಡ್ತಾರೆ, ವರ್ಷಗಳಿಂದ. ಇದೇ ಕಡೆಯಿಂದ. ಮತ್ತೆ ನೋವು ಕಚ್ಚುವಾಗ ಅಲ್ಲ, ಬಿಡುವಾಗ."

ಡಾಕ್ಟರ ಕೈ ನಿಂತಿತು. "ಬಿಡುವಾಗ?"

"ಹೌದು. ತಣ್ಣೀರು ಕುಡಿದರೂ."

"ಇದನ್ನ ಮೊದಲೇ ಹೇಳಬಾರದಿತ್ತಾ?" ಎಂದರು ಡಾಕ್ಟರು. ಕೇಳಿದ್ದು ಅತ್ತೆಯನ್ನು. ಅತ್ತೆ ಸೂರು ನೋಡುತ್ತಿದ್ದರು.

ಡಾಕ್ಟರು ಚಿಕ್ಕ ಪ್ಲಾಸ್ಟಿಕ್ ಕಡ್ಡಿಯೊಂದನ್ನು ತೆಗೆದರು. ಅದರ ತುದಿ ಅವರೆಕಾಳಿನಷ್ಟು ಉಬ್ಬಿತ್ತು. ಅದನ್ನು ಒಂದು ಹಲ್ಲಿನ ಒಂದು ಮೂಲೆಗೆ ಇಟ್ಟು, "ಕಡೀರಿ. ಈಗ ಬಿಡಿ" ಎಂದರು. ಏನೂ ಆಗಲಿಲ್ಲ. ಪಕ್ಕದ ಮೂಲೆ. "ಕಡೀರಿ. ಬಿಡಿ." ಅದೂ ಇಲ್ಲ. ಹೀಗೆ ಹಲ್ಲಿನಿಂದ ಹಲ್ಲಿಗೆ, ಮೂಲೆಯಿಂದ ಮೂಲೆಗೆ ಹೋದರು. ಸೊಸೆ ಗೋಡೆಗೆ ಒರಗಿ ನೋಡುತ್ತಿದ್ದಳು. ಕಣದಲ್ಲಿ ಅತ್ತೆ ಮಾಡುತ್ತಿದ್ದದ್ದೂ ಇದೇ, ಈಗ ಕಾಳಿನ ಜಾಗದಲ್ಲಿ ಅತ್ತೆಯೇ ಇದ್ದರು.

ಕೆಳಸಾಲಿನ ಹಿಂದಿನ ದವಡೆ ಹಲ್ಲು. ನಾಲಗೆ ಕಡೆಯ ಮೂಲೆ. "ಕಡೀರಿ." ಕಡಿದರು. "ಬಿಡಿ."

ಅತ್ತೆಯ ಎರಡೂ ಕಾಲು ಕುರ್ಚಿಯಿಂದ ಮೇಲೆದ್ದವು.

ಡಾಕ್ಟರು ಹಲ್ಲಿಗೆ ನೀಲಿ ಬಣ್ಣ ಸವರಿ, ಒರೆಸಿ, ಕೈಗನ್ನಡಿ ಕೊಟ್ಟರು. ಹಲ್ಲಿನ ನೆತ್ತಿಯ ಮೇಲೆ ಮುಂದಿನಿಂದ ಹಿಂದಕ್ಕೆ ಕೂದಲೆಳೆಯಷ್ಟು ನೀಲಿ ಗೆರೆ ಉಳಿದಿತ್ತು. "ಬಿರುಕು. ಎಕ್ಸ್‌ರೇಯಲ್ಲಿ ಇದು ಸಾಮಾನ್ಯವಾಗಿ ಕಾಣಲ್ಲ. ಕಚ್ಚಿದಾಗ ಹಲ್ಲಿನ ಎರಡು ಹೋಳು ಚೂರು ಅಗಲ ಆಗ್ತವೆ, ಬಿಟ್ಟಾಗ ತಟಕ್ಕನೆ ಕೂಡ್ತವೆ, ಒಳಗಿನ ನರ ಚುಚ್ಚಿದ ಹಾಗಾಗತ್ತೆ. ಆ ನೋವು ಮೇಲೋ ಕೆಳಗೋ ಅಂತ ನಿಮಗೇ ಗೊತ್ತಾಗಲ್ಲ. ಮೇಲಿನ ಹುಳುಕು ಇದ್ದದ್ದು ನಿಜ, ಆದರೆ ನೋವಿನ ಮೂಲ ಅದಲ್ಲ."

"ಕಿತ್ತುಬಿಡಿ" ಎಂದರು ಅತ್ತೆ.

"ಯಾಕೆ ಕೀಳಬೇಕು? ಬಿರುಕು ಬೇರಿಗೆ ಇಳಿದ ಹಾಗಿಲ್ಲ. ಈಗ ಸುತ್ತಲೂ ಪಟ್ಟಿ ಹಾಕಿ ಬಿಗೀತೀನಿ. ನೋವು ಹೋದರೆ ಮೇಲೆ ಕ್ಯಾಪ್ ಕೂರಿಸೋದು. ಹೋಗದಿದ್ದರೆ ಒಳಗಿನ ನರ ತೆಗೆದು ಆಮೇಲೆ ಕ್ಯಾಪ್. ಆದರೆ ಒಂದು ಮಾತು. ಈ ಹಲ್ಲಲ್ಲಿ ಇನ್ನು ಮೇಲೆ ಜೋಳ ಕಡಿಯೋ ಹಾಗಿಲ್ಲ."

"ಬಲಗಡೆಯಿಂದ?"

"ಬಲಗಡೆ ಹಿಂದಿನ ಹಲ್ಲು ಎರಡು ಇಲ್ಲವೇ ಇಲ್ಲ. ಯಾವುದರಿಂದ ಕಡೀತೀರಿ?"

ಅತ್ತೆ ಕನ್ನಡಿಯನ್ನು ಮಗುಚಿ ತೊಡೆಯ ಮೇಲಿಟ್ಟುಕೊಂಡರು. ಅವರ ಮುಖದಲ್ಲಿ ಅಷ್ಟು ದೊಡ್ಡ ಸೋಲನ್ನು ಸೊಸೆ ಹಿಂದೆ ನೋಡಿರಲಿಲ್ಲ. ಪಾಪ ಅನ್ನಿಸಿತು. ಆದರೆ ಆ ಪಾಪದ ಅಡಿಯಲ್ಲಿ ಇನ್ನೊಂದು ಲೆಕ್ಕ ಓಡುತ್ತಿತ್ತು. ತಣ್ಣೀರು ಬಿಟ್ಟದ್ದು ಯಾವಾಗ, ಕಡಲೆ ತಳ್ಳಿದ್ದು ಯಾವಾಗ, ಕೋಳಿಯಣ್ಣನ ಜೋಳ ಬಂದದ್ದು ಯಾವಾಗ.

ವಾಪಸ್ ಬರುವಾಗ ಬಸ್ಸಿನಲ್ಲಿ ಕೇಳಿಯೇಬಿಟ್ಟಳು.

"ಅತ್ತೆ, ಕೋಳಿಯಣ್ಣನ ರಾಶಿ ನೋಡಿದಿರಲ್ಲ, ಆಗಲೇ ಈ ನೋವಿತ್ತಾ?"

ಸೂಜಿ ಚುಚ್ಚಿಸಿಕೊಂಡ ಅತ್ತೆಯ ಅರ್ಧ ಬಾಯಿ ಮರಗಟ್ಟಿತ್ತು. ತುಟಿ ಒಂದು ಕಡೆ ಜೋತಿತ್ತು. ಅವರು ಏನೋ ಅಂದರು. ಬ ಬ ಎಂದಷ್ಟೇ ಕೇಳಿಸಿತು.

"ಏನಂದಿರಿ?"

ಅತ್ತೆ ಬಾಯಿಯ ಕಡೆ ಬೆರಳು ತೋರಿಸಿ, ಕೈ ಅಲ್ಲಾಡಿಸಿ, ಕಿಟಕಿಯ ಕಡೆ ತಿರುಗಿದರು. ಮರಗಟ್ಟಿದ್ದು ಸಂಜೆಗೆ ಬಿಟ್ಟಿತು. ಉತ್ತರ ಮಾತ್ರ ಬರಲಿಲ್ಲ. ಮಾರನೇ ದಿನ ಕೇಳಿದರೆ ಬಾವಿ ಕಡೆ ಹೋದರು. ಅದರ ಮಾರನೇ ದಿನ ಕೇಳಿದಾಗ ಪುಟ್ಟಿಯ ತಲೆ ಬಾಚುತ್ತಾ ಕೂತರು. ಸೊಸೆ ಕೇಳುವುದನ್ನು ಬಿಟ್ಟಳು. ಪಾತ್ರೆಗಳನ್ನು ಮಾತ್ರ ಸ್ವಲ್ಪ ಜೋರಾಗಿ ಇಡುತ್ತಿದ್ದಳು.

ಪಟ್ಟಿ ಬಿಗಿದ ಮೇಲೆ ನೋವು ಇಳಿಯಿತು. ನರ ತೆಗೆಯುವ ಅಗತ್ಯ ಬೀಳಲಿಲ್ಲ. ಇನ್ನೊಂದು ಸಲ ಹೋಗಿ ಅಳತೆ ಕೊಟ್ಟು, ಮತ್ತೊಂದು ಸಲ ಹೋಗಿ ಕ್ಯಾಪ್ ಹಾಕಿಸಿಕೊಂಡು ಬಂದರು. ಪ್ರತಿ ಸಲವೂ ಸೊಸೆಯೇ ಜೊತೆಗೆ, ಪ್ರತಿ ಸಲವೂ ಮನೆಯ ಅರ್ಧ ಕೆಲಸ ಹಾಗೇ ಬಾಕಿ. ಮನೆಯಲ್ಲಿ ಮತ್ತೆ ಕಡಲೆ ಹುರಿದರು. ಅತ್ತೆ ತಣ್ಣೀರನ್ನು ಗಟಗಟ ಕುಡಿದು ಲೋಟ ಕೆಳಗಿಟ್ಟರು. "ಈಗ ಹೇಗಿದೆ?" ಎಂದು ಮಾವ ಕೇಳಿದರೆ, "ಹಲ್ಲಿಗೆ ಟೋಪಿ ಹಾಕಿದ್ದಾರೆ. ಬಿಸಿಲಿಗೆ ಹೋಗಬಹುದಂತೆ, ಕೆಲಸ ಮಾಡೋ ಹಾಗಿಲ್ಲವಂತೆ. ನಿಮ್ಮ ಹಾಗೆ" ಎಂದರು.

ಒಂದು ಬೆಳಗ್ಗೆ ಕೋಳಿಯಣ್ಣ ಬಂದ. ಜೋಳ ಹಿಂದಿನ ಸಲದ ಅರ್ಧವೂ ಇರಲಿಲ್ಲ. ಉಳಿದದ್ದನ್ನು ಬೇರೆ ಕಡೆ ಕೊಟ್ಟಿದ್ದಾನೆಂದು ಯಾರೂ ಹೇಳಬೇಕಾಗಿರಲಿಲ್ಲ. ಈ ಸಲ ಬಿಸಿಲು ಕೈ ಕೊಡಲಿಲ್ಲ. ಸೊಸೆ ಬೆಳಗ್ಗೆಯಿಂದ ಸಂಜೆವರೆಗೆ ಹಲಗೆ ಹಿಡಿದು ತಿರುವಿದಳು. ಅಂಗೈ ಬೊಬ್ಬೆ ಎದ್ದಿತು. ಚೀಲ ತುಂಬುವ ಹೊತ್ತಿಗೆ ಕೋಳಿಯಣ್ಣ ತಾನೇ ಬಂದು ನಿಂತ.

"ಈ ಸಲ ಗೋಡೆ ಪಕ್ಕ ಇಡಬೇಡ ತಂಗೀ" ಎಂದ, ನಗುತ್ತಾ.

ಸೊಸೆಯ ಕೈಯಲ್ಲಿದ್ದ ಹಲಗೆ ನಿಂತಿತು. ಗಂಡ ಚೀಲ ಕೊಡವುವ ಕಡೆ ಗಮನ ಕೊಟ್ಟ. ಅತ್ತೆ ಅಡುಗೆಮನೆಯಿಂದ ಬಂದರು. ರಾಶಿಯ ಮೇಲಿನಿಂದ ಒಂದು ಕಾಳು ತೆಗೆದು ಬಾಯಿಯ ಹತ್ತಿರ ಒಯ್ದರು. ಕೈ ಅಲ್ಲೇ ನಿಂತಿತು. ಎಲ್ಲರೂ ಆ ಕೈಯನ್ನೇ ನೋಡುತ್ತಿದ್ದರು. ಅತ್ತೆ ಕಾಳನ್ನು ಸೊಸೆಯ ಮುಂದೆ ಹಿಡಿದರು.

"ಕಡಿ."

"ನಾನಾ?"

"ಕಡಿ. ನಾನು ಸದ್ದು ಕೇಳ್ತೀನಿ."

"ನಿಮ್ಮದು ಬಿರುಕು ಬಿಟ್ಟಾಯ್ತು, ಈಗ ನನ್ನದಾ?"

"ಬೇಕಾದರೆ ನನ್ನ ಸೆಟ್ಟು ಕೊಡ್ತೀನಿ" ಎಂದು ಮಾವ ಅದನ್ನು ಬಾಯಿಂದ ತೆಗೆದು ಹಿಡಿದರು. "ಒಡೆದರೆ ಹೊಸದು ಕಟ್ಟಿಸಬಹುದು."

ಯಾರೂ ನಗಲಿಲ್ಲ. ಸೊಸೆ ಕಾಳನ್ನು ದವಡೆಗೆ ಕೊಟ್ಟಳು. ಅತ್ತೆ ಅವಳ ಕೆನ್ನೆಯ ಹತ್ತಿರ ಕಿವಿ ತಂದರು. ಅವರ ಕೂದಲು ಅವಳ ಮೂಗಿಗೆ ತಾಗುತ್ತಿತ್ತು. ಎಂಟು ವರ್ಷದಲ್ಲಿ ಅವರು ಇಷ್ಟು ಹತ್ತಿರ ಬಂದದ್ದು ಇದೇ ಮೊದಲು. ಅವಳು ಕಡಿದಳು. ಕಟ್ ಎಂದಿತು.

"ಒಣಗಿದೆ" ಎಂದರು ಅತ್ತೆ. ನೆಟ್ಟಗೆ ನಿಂತು ಕೋಳಿಯಣ್ಣನ ಕಡೆ ತಿರುಗಿ, ಬೆಳಗಿನ ಹಾಲಿನ ವಿಷಯ ಹೇಳುವ ದನಿಯಲ್ಲೇ ಹೇಳಿದರು, "ಗೋಡೆ ಏನೂ ಮಾಡಿಲ್ಲ ಕಣಪ್ಪ. ಹೋದ ಸಲ ನಾನು ಕಡೀಲೇ ಇಲ್ಲ. ಬಾಯಲ್ಲಿಟ್ಟು ಉಗುಳಿದೆ, ಅಷ್ಟೇ. ನೋವಿತ್ತು. ಇವಳು ಇನ್ನೊಂದು ಬಿಸಿಲು ಬೇಕು ಅಂದಿದ್ದಳು."

ಗಂಡನ ಕೈಯಲ್ಲಿದ್ದ ಚೀಲ ಕೆಳಗೆ ಬಂತು. ಕೋಳಿಯಣ್ಣ ಅಂಗಿಯ ಮೇಲಿನ ಪುಕ್ಕ ಕಿತ್ತು ಬೆರಳಲ್ಲಿ ಹೊಸಕಿದ.

"ಇಷ್ಟು ದಿನ ಇದನ್ನ ಹೇಳಲಿಲ್ಲವಲ್ಲ ಅಮ್ಮ" ಎಂದ ಗಂಡ.

"ಈಗ ಹೇಳಿದೆನಲ್ಲ. ಕಟ್ಟು."

ಸೊಸೆ ಈ ಮಾತಿಗಾಗಿ ವಾರಗಟ್ಟಲೆ ಕಾದಿದ್ದಳು. ಬಂದರೆ ಎದೆ ಹಗುರಾಗುತ್ತದೆ ಅಂದುಕೊಂಡಿದ್ದಳು. ಬಂದೇಬಿಟ್ಟಿತು, ಎರಡು ಉಸಿರಿನಲ್ಲಿ, ಕಾಳಿನ ಚೂರು ಉಗುಳಿದ ಹಾಗೆ. ಅಂಗಡಿ ಬೀದಿಯಲ್ಲಿ ತಲೆ ತಗ್ಗಿಸಿ ನಡೆದದ್ದು, ಗಂಡ ಮುಖ ತಿರುಗಿಸಿದ್ದು, ಅಷ್ಟು ಗಂಜಿ ಕಾಯಿಸಿದ್ದು, ಇವೆಲ್ಲಕ್ಕೂ ಇಷ್ಟೇನಾ. ಬಾಯಲ್ಲಿ ಜೋಳದ ಪುಡಿ ಇನ್ನೂ ಇತ್ತು. ಅವಳು ಅದನ್ನು ಉಗುಳಿ, ಕೂತು, ರಾಶಿಗೆ ಕೈ ಇಳಿಸಿದಳು. ಮೊಣಕೈವರೆಗೆ. ಅಡಿಯಿಂದ ಒಂದು ಕಾಳು ಹೆಕ್ಕಿ ದವಡೆಗೆ ಕೊಟ್ಟಳು. ಅತ್ತೆ ಮತ್ತೆ ಕಿವಿ ತಂದರು. ಕಾಳು ಸಣ್ಣ ಸದ್ದಿನೊಂದಿಗೆ ಒಡೆಯಿತು, ಆದರೆ ಸಿಡಿಯಲಿಲ್ಲ. ಕೊನೆಯಲ್ಲಿ ಹಲ್ಲಿಗೆ ಒಂದು ಚೂರು ಮೆತ್ತಗೆ ಸಿಕ್ಕಿತು.

"ಇನ್ನೊಂದು ಬಿಸಿಲು ಬೇಕು."

"ಸದ್ದು ಸರಿಯಾಗೇ ಬಂತಲ್ಲೇ. ನನಗೆ ಕೇಳಿಸಿತು."

"ಕಡಿದಿದ್ದು ನಾನು ಅತ್ತೆ."

ಗಂಡ ಅಮ್ಮನ ಮುಖ ನೋಡಿದ. ಅಮ್ಮ ಹೇಳಿದ ಮೇಲೆ ಮುಗೀತಲ್ಲ ಅನ್ನುವ ಮಾತು ಅವನ ನಾಲಗೆಯ ತುದಿಯಲ್ಲಿದ್ದದ್ದು ಸೊಸೆಗೆ ಕಂಡಿತು. ಅತ್ತೆ ನಾಲಗೆಯಿಂದ ಕ್ಯಾಪಿನ ಹಲ್ಲನ್ನು ಒಮ್ಮೆ ತಡವಿಕೊಂಡರು. ಕಣದ ಆ ತುದಿಯಿಂದ ಈ ತುದಿಗೆ ಒಮ್ಮೆ ನೋಡಿದರು. ಆಮೇಲೆ ಬಗ್ಗಿ, ಮಾವ ಆಗಲೇ ತುಂಬಿಟ್ಟಿದ್ದ ಮೊದಲ ಚೀಲದ ಬುಡ ಹಿಡಿದು ಎತ್ತಿ ನೆಲಕ್ಕೆ ಸುರಿದರು.

"ಹರವಿ" ಎಂದರು. ಯಾರ ಮುಖವನ್ನೂ ನೋಡದೆ ಅಡುಗೆಮನೆಗೆ ಹೋದರು.

ಕೋಳಿಯಣ್ಣ ತಲೆಯಾಡಿಸಿ, "ಹಾಗಾದರೆ ನಾಳೆ ಬರ್ತೀನಿ ತಂಗೀ" ಎಂದು ಅವಳಿಗೇ ಹೇಳಿ ಹೊರಟ. ಗಂಡ ಸೊಂಟ ಹಿಡಿದುಕೊಂಡು ಜಗಲಿಯ ಮೇಲೆ ಕೂತ. ಮಾವ ಸೆಟ್ಟನ್ನು ಒರೆಸಿ ಜೇಬಿಗೆ ಹಾಕಿಕೊಂಡರು. ಸೊಸೆ ಹಲಗೆಯನ್ನು ಎತ್ತಿಕೊಂಡಳು. ಬೊಬ್ಬೆಗೆ ಹಿಡಿ ತಾಗಿ ಉರಿಯಿತು. ನಾಳೆ ಬೆಳಗ್ಗೆಯಿಂದ ಈ ಜೋಳವನ್ನೆಲ್ಲ ಮತ್ತೆ ತಿರುವಬೇಕಾದವಳು ತಾನೇ ಎಂದು ಆಗ ಅವಳಿಗೆ ಹೊಳೆಯಿತು.